ಸಾವಿರ ಕಡ್ಡಿ ಬೆಲೆಯ ಪುಕ್ಕಟೆ ಚಿಕಿತ್ಸೆ

ಒಮ್ಮೆ ಬಂದವರು ಎರಡನೇ ಸಲ ಬರುತ್ತಿರಲಿಲ್ಲ. ಮೊದಲು ನನ್ನ ಗಮನಕ್ಕೆ ಬಂದದ್ದು ಇಷ್ಟೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹತ್ತಿರದ ಒಂದು ಟ್ರಸ್ಟಿನ ಚಿಕಿತ್ಸಾಲಯದಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಹೆಸರು ಆಗ ಯಾರ ಬಾಯಿಗೂ ಹೊಂದುತ್ತಿರಲಿಲ್ಲ. ಬರುವವರೆಲ್ಲ ನನ್ನನ್ನು ‘ಕರೆಂಟ್ ಕೊಡೋ ಮೇಡಂ’ ಎನ್ನುತ್ತಿದ್ದರು. ನನ್ನ ಕೋಣೆಯಲ್ಲಿ ಶಾಖ ಕೊಡುವ ಒಂದು ಯಂತ್ರ, ಒಂದು ಕೆಂಪು ದೀಪ, ಕರಗಿದ ಮೇಣದ ಒಂದು ತೊಟ್ಟಿ, ತೊಲೆಗೆ ಕಟ್ಟಿದ ರಾಟೆ ಮತ್ತು ಹಗ್ಗ ಇದ್ದವು. ಗುರುವಾರ ಮಧ್ಯಾಹ್ನ ಬಡವರಿಗೆ ಉಚಿತ. ಅದಕ್ಕೆಂದೇ ಟ್ರಸ್ಟಿನವರು ಹಳದಿ ಕಾರ್ಡು ಮಾಡಿಸಿದ್ದರು. ನನಗದು ಒಳ್ಳೆಯ ಏರ್ಪಾಟಾಗಿಯೇ ಕಂಡಿತ್ತು.

ಗುರಪ್ಪನಪಾಳ್ಯದ ಕಡೆಯಿಂದ ಹೆಂಗಸರು ಬರುತ್ತಿದ್ದರು. ಬಹುಪಾಲು ಮುಸ್ಲಿಂ ಮನೆಗಳವರು, ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುವವರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು: ಕತ್ತು, ಭುಜ, ಸೊಂಟ, ಮುಂಗೈ. ಬಿಗಿದುಕೊಂಡ ಭುಜ ಸಡಿಲವಾಗಬೇಕಾದರೆ ಹದಿನೈದಿಪ್ಪತ್ತು ಸಲವಾದರೂ ಬರಬೇಕು. ಅವರು ಒಂದು ಸಲ ಬಂದು, ಶಾಖ ತೆಗೆದುಕೊಂಡು, “ಬಹಳ ಹಗುರ ಆಯ್ತು ಮೇಡಂ, ಮುಂದಿನ ವಾರ ಬರ್ತೀನಿ” ಅಂದು ಹೋದರೆ ಮುಗಿಯಿತು. ಹಳದಿ ಕಾರ್ಡುಗಳು ಮೊದಲ ಸಾಲು ತುಂಬಿಸಿಕೊಂಡು ಹಾಗೇ ಡಬ್ಬಿಯಲ್ಲಿ ನಿಂತಿರುತ್ತಿದ್ದವು.

ಟ್ರಸ್ಟಿನ ಕಾರ್ಯದರ್ಶಿಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. “ಪುಕ್ಕಟೆ ಕೊಟ್ರೆ ಜನಕ್ಕೆ ಬೆಲೆ ಗೊತ್ತಾಗಲ್ಲ ಮೇಡಂ. ಇನ್ನು ಮೂರು ತಿಂಗಳು ನೋಡೋಣ. ಇಲ್ಲ ಅಂದ್ರೆ ಗುರುವಾರದ್ದು ನಿಲ್ಸಿ ಆ ಕೋಣೇಲಿ ಎಕ್ಸ್‌ರೇ ಇಡೋಣ” ಅಂದರು.

ಬುರ್ಖಾ ಕಾರಣವಿರಬೇಕು, ಗಂಡಂದಿರು ಬಿಡುತ್ತಿಲ್ಲವೇನೋ ಎಂದೆಲ್ಲ ನಾನೂ ಅಂದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ. ಒಂದು ದಿನ ಡಬ್ಬಿಯಿಂದ ಒಂದು ಕಾರ್ಡು ತೆಗೆದೆ. ನಲವತ್ತು ದಾಟಿದ ಹೆಂಗಸು, ಬಲ ಭುಜ. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಇಟ್ಟು ನಾನೇ ಬರೆದುಕೊಂಡಿದ್ದೆ: ತೋಳು ಪಕ್ಕಕ್ಕೆ ಏಳುವುದು ಅರವತ್ತು ಡಿಗ್ರಿ ಮಾತ್ರ. ಸರಿಯಾದ ತೋಳು ಕಿವಿಯ ಪಕ್ಕಕ್ಕೆ ನೆಟ್ಟಗೆ ಏಳುತ್ತದೆ, ನೂರ ಎಂಬತ್ತು. ಈಕೆಗೆ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಇಷ್ಟು ನೋವಿದ್ದೂ ಬರುವುದಿಲ್ಲವೆಂದರೆ ಏನೋ ಇದೆ ಅನ್ನಿಸಿತು. ಮರುದಿನ ಬೆಳಿಗ್ಗೆ ಲೂನಾ ಹತ್ತಿ ತಿಲಕನಗರ ದಾಟಿ, ಕಾರ್ಡಿನಲ್ಲಿದ್ದ ‘ಮಸೀದಿ ಹಿಂದೆ, ನಲ್ಲಿ ಎದುರು’ ಎಂಬ ವಿಳಾಸ ಹುಡುಕಿಕೊಂಡು ಹೊರಟೆ.

ಬೀದಿಯಲ್ಲಿ ಎಲ್ಲರೂ ಆಕೆಯನ್ನು ಆಪಾ ಎನ್ನುತ್ತಿದ್ದರು, ಅಕ್ಕ ಎಂದು ಅರ್ಥ. ನಾನೂ ಹಾಗೇ ಕರೆದೆ. ಬಾಗಿಲಲ್ಲಿ ನನ್ನನ್ನು ಕಂಡು ಆಕೆಗೆ ಗಾಬರಿಯಾಯಿತು.

“ಏನಾಯ್ತು ಮಾ? ನಾನು ಅಲ್ಲಿ ಏನಾದ್ರೂ ಬಿಟ್ ಬಂದಿದ್ನಾ?”

“ಇಲ್ಲ. ನೀವು ಯಾಕೆ ಬರ್ಲಿಲ್ಲ ಅಂತ ಕೇಳೋಣ ಅಂತ ಬಂದೆ.”

“ಟೈಮ್ ಸಿಕ್ಕಲಿಲ್ಲ ಮಾ” ಎಂದು ನಕ್ಕು ಒಳಗೆ ಕರೆದರು.

ಇದ್ದಿಲು ಪುಡಿಯ ಕಪ್ಪು ನೆಲದ ಸಂದುಗಳಲ್ಲೆಲ್ಲ ಕೂತಿತ್ತು. ಇನ್ನಿಬ್ಬರು ಹೆಂಗಸರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ಇಳಿಜಾರಾದ ಗಿಡ್ಡ ಹಲಗೆ ಇಟ್ಟುಕೊಂಡು ಹೊಸೆಯುತ್ತಿದ್ದರು. ಎಡಗೈಯಲ್ಲಿ ಬಿದಿರು ಕಡ್ಡಿ, ಬಲಗೈಯಲ್ಲಿ ಕಪ್ಪು ಹಿಟ್ಟಿನ ಉಂಡೆ. ಒಂದು ಚಿಟಿಕೆ ಅಂಟಿಸಿ ಅಂಗೈಯಿಂದ ಒಂದೇ ಒಂದು ತಳ್ಳು, ಕಡ್ಡಿ ಮುಗಿಯಿತು. ಆಪಾ ಕೂತು ತೋರಿಸಿದಾಗ ನಾನು ಕಡ್ಡಿಯನ್ನು ಬಿಟ್ಟು ಭುಜವನ್ನೇ ನೋಡುತ್ತಿದ್ದೆ. ಮೊಣಕೈ ಸೊಂಟಕ್ಕೆ ಅಂಟಿಕೊಂಡಂತಿತ್ತು. ತೋಳು ಚಲಿಸದ ಕೊರತೆಯನ್ನು ಇಡೀ ಬೆನ್ನು ತೂಗಿ ತೂಗಿ ತುಂಬಿಸುತ್ತಿತ್ತು. ಇಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

“ನಾನೊಂದ್ ಸಲ ಮಾಡ್ಲಾ?” ಎಂದು ಕೇಳಿದೆ.

ನನ್ನ ಮೊದಲ ಕಡ್ಡಿ ಹಾವು ಇಲಿ ನುಂಗಿದ ಹಾಗೆ ನಡುವೆ ಉಬ್ಬಿಕೊಂಡಿತು. ಎರಡನೆಯದು ಮುರಿಯಿತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹತ್ತು ಕಡ್ಡಿ ಆಗುವಷ್ಟರಲ್ಲಿ ನನ್ನ ಭುಜದ ಕೆಳಗೆ ಉರಿ ಎದ್ದಿತ್ತು. ಹೇಳಿದೆ. ಅದರ ನಂತರವೇ ನಿಜವಾದ ಮಾತು ಶುರುವಾಯಿತು.

“ಗುರುವಾರ ಮೇಸ್ತ್ರಿ ಬಂದು ಕಡ್ಡಿ, ಹಿಟ್ಟು, ಮಾಲೆಲ್ಲ ಕೊಡೋ ದಿನ” ಅಂದರು ಒಬ್ಬರು. “ಆವತ್ತು ಮನೇಲಿ ಇಲ್ಲ ಅಂದ್ರೆ ವಾರ ಪೂರ್ತಿ ಕೆಲಸ ಇಲ್ಲ.”

“ಅದೊಂದೇ ಅಲ್ಲ” ಎಂದು ಆಪಾ ತಲೆ ತಗ್ಗಿಸಿಕೊಂಡೇ ಹೇಳಿದರು. “ನಿಮ್ ಕ್ಲರ್ಕು ಬಾಗಲಲ್ಲೇ ‘ಫ್ರೀನಾ? ಹಂಗಾದ್ರೆ ಆಚೆ ಬೆಂಚು’ ಅಂತ ಕೂಗ್ತಾರೆ. ಆಚೆ ಬೆಂಚು ರಸ್ತೆಗೇ ಇದೆ. ಕೈಯಲ್ಲಿ ಹಳದಿ ಕಾರ್ಡು. ಬಸ್ಸಲ್ಲಿ ಹೋಗೋರೆಲ್ಲ ನೋಡ್ತಾರೆ. ನಾವು ಯಾವತ್ತೂ ಯಾರ ಮನೆ ಮುಂದೆನೂ ಹಂಗೆ ಕೂತಿಲ್ಲ ಮಾ.”

ಇನ್ನೊಂದು ವಿಷಯವಿತ್ತು, ಹೇಳಲೋ ಬೇಡವೋ ಎಂದು ತಡೆದು ಹೇಳಿದರು. ಭುಜಕ್ಕೆ ದೀಪ ಹಿಡಿಯಲು ರವಿಕೆ ಸಡಿಲಿಸಬೇಕು. ನನ್ನ ಕೋಣೆಯ ಪರದೆ ಎಲ್ಲರೂ ಓಡಾಡುವ ಕಾರಿಡಾರಿನ ಕಡೆಗೆ ತೆರೆದುಕೊಳ್ಳುತ್ತಿತ್ತು. ಕಾಂಪೌಂಡರ್ ಬಾಟಲಿ ತರಲು ಬಂದವನು ಒಮ್ಮೆ ಅದನ್ನು ಸರಿಸಿದ್ದನಂತೆ. ಎರಡು ವರ್ಷ ನಾನು ಆ ಪರದೆಯ ಒಳಗೇ ಕೆಲಸ ಮಾಡಿದ್ದೆ. ಅದು ಯಾವ ಕಡೆಗೆ ತೆರೆಯುತ್ತದೆ ಎಂದು ಯೋಚಿಸಿರಲಿಲ್ಲ.

ದಿನ ಬದಲಾಯಿಸುವುದು ಸುಲಭವಾಯಿತು. ಕಾರ್ಯದರ್ಶಿ ಸೋಮವಾರ ಎಂದು ಒಪ್ಪಿದರು. ಪರದೆಯನ್ನು ನಾನೇ ತಿರುಗಿಸಿ ಕಟ್ಟಿದೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದೆ. ಕಾರ್ಡು, ಬೆಂಚು ಎರಡನ್ನೂ ಅವರು ಮುಟ್ಟಗೊಡಲಿಲ್ಲ. ಆದರೂ ಆಪಾ ಸೋಮವಾರ ಬಂದರು, ಜೊತೆಗೆ ನಾಲ್ವರನ್ನು ಕರೆತಂದರು. ಮುಂದಿನ ಸೋಮವಾರವೂ ಬಂದರು. ಗೆದ್ದೆ ಅಂದುಕೊಂಡೆ. ಮೂರನೇ ಸೋಮವಾರ ಯಾರೂ ಇಲ್ಲ.

ಈ ಸಲ ಕುತೂಹಲದ ಜೊತೆಗೆ ಸ್ವಲ್ಪ ಸಿಟ್ಟೂ ಇತ್ತು. ಹೋಗಿ ನೇರವಾಗಿ ಕೇಳಿದೆ. “ದುಡ್ಡು ಕೊಡೋ ಹಾಗಿಲ್ಲ, ದಿನ ಬದಲಾಯ್ಸಿದ್ದೀವಿ. ಇನ್ನೇನು ತೊಂದರೆ ಆಪಾ?”

ಆಪಾ ಕೈ ನಿಲ್ಲಿಸಲಿಲ್ಲ. “ಇಲ್ಲಿಂದ ನಡೆದು ಬರೋದು, ಕಾಯೋದು, ನಿಮ್ ಹತ್ರ ಅರ್ಧ ಗಂಟೆ, ವಾಪಸ್ ನಡೆಯೋದು. ಅಷ್ಟೊತ್ತಿಗೆ ಇಲ್ಲಿ ಒಂದ್ ಸಾವಿರ ಕಡ್ಡಿ ಆಗುತ್ತೆ. ನೀವು ಫ್ರೀ ಅಂತೀರಿ ಮಾ. ನನಗೆ ನಿಮ್ ಕರೆಂಟಿಗೆ ಸಾವಿರ ಕಡ್ಡಿ ಬೀಳುತ್ತೆ.”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಚಿಕಿತ್ಸೆಯ ಬೆಲೆಯನ್ನು ನಾವು ನಮ್ಮ ಕಡೆಯಿಂದ ಮಾತ್ರ ನೋಡಿದ್ದೆವು. ಆಕೆಯ ಕಡೆಯಿಂದ ಅದು ಜಯನಗರದ ಯಾವ ಸಂಬಳದಾರನಿಗೂ ಬೀಳದಷ್ಟು ದುಬಾರಿಯಾಗಿತ್ತು.

ಅವರು ಬರುವುದರ ಬದಲು ನಾನೇ ಹೋಗುವುದು ಎಂದು ಮಾಡಿದೆ. ಚಿಕಿತ್ಸಾಲಯ ತೆರೆಯುತ್ತಿದ್ದುದು ಹತ್ತೂವರೆಗೆ. ವಾರಕ್ಕೆ ಎರಡು ಬೆಳಿಗ್ಗೆ, ಬನಶಂಕರಿಯ ಮನೆಯಿಂದ ಎಂಟಕ್ಕೆ ಹೊರಟು ಆ ಬೀದಿಗೆ ಹೋಗತೊಡಗಿದೆ. ಶಾಖದ ಯಂತ್ರವನ್ನು ಲೂನಾದಲ್ಲಿ ಸಾಗಿಸುವಂತಿರಲಿಲ್ಲ, ಆ ಮನೆಗಳಲ್ಲಿ ಪ್ಲಗ್ ಪಾಯಿಂಟೂ ಇರಲಿಲ್ಲ. ಮರಳನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ದಪ್ಪ ಬಟ್ಟೆಯ ಚೀಲಕ್ಕೆ ತುಂಬಿದರೆ ಇಪ್ಪತ್ತು ನಿಮಿಷ ಒಂದೇ ಸಮ ಶಾಖ ಕೊಡುತ್ತಿತ್ತು. ಮುಂಗೈ ನೋವಿಗೆ ಮೇಣ. ಒಂದು ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸೀಮೆಎಣ್ಣೆ ಸ್ಟವ್ ಮೇಲೆ ಕರಗಿಸುತ್ತಿದ್ದೆ. ಮೇಲೆ ತೆಳುವಾದ ಕೆನೆ ಕಟ್ಟತೊಡಗಿದಾಗ ಕೈ ಅದ್ದಬಹುದು. ಏಳೆಂಟು ಸಲ ಅದ್ದಿ ತೆಗೆದರೆ ಮೇಣದ ಕೈಗವಸು ಆಗುತ್ತದೆ. ಅದನ್ನು ಸುಲಿಯುವಾಗ ಹೆಂಗಸರು ಒಬ್ಬರ ಕೈಯನ್ನೊಬ್ಬರು ಹಿಡಿದು ಬೆರಗಿನಿಂದ ನೋಡುತ್ತಿದ್ದರು. ಇದ್ದಿಲಿನ ಕಪ್ಪೆಲ್ಲ ಮೇಣಕ್ಕೆ ಹತ್ತಿ ಕೈ ಬೆಳ್ಳಗಾಗಿರುತ್ತಿತ್ತು.

ಆಪಾಗೆ ಎರಡು ವ್ಯಾಯಾಮ ಹೇಳಿಕೊಟ್ಟೆ. ಬಗ್ಗಿ ನಿಂತು ತೋಳನ್ನು ಲೋಲಕದಂತೆ ತೂಗಾಡಿಸುವುದು ಒಂದು. ಗೋಡೆಗೆ ಎದುರು ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ಹತ್ತಿಸುವುದು ಇನ್ನೊಂದು. ನೂರು ಕಡ್ಡಿಗೊಮ್ಮೆ ಎದ್ದು ಮಾಡಬೇಕು. ಮೂರನೇ ಭೇಟಿಗೆ ಹೋದಾಗ ನೀಲಿ ಸುಣ್ಣದ ಗೋಡೆಯ ಮೇಲೆ ಕಪ್ಪು ಬೆರಳಚ್ಚುಗಳು ಎದೆಯ ಮಟ್ಟದಿಂದ ಗದ್ದದ ಮಟ್ಟಕ್ಕೆ ಏರಿದ್ದವು. ಅಳತೆ ಪಟ್ಟಿ ತೆಗೆಯುವ ಅಗತ್ಯವೇ ಇರಲಿಲ್ಲ. ನಾನು ಹಿಗ್ಗಿದೆ. ಮನೆಯ ಮಾಲೀಕ ಹಿಗ್ಗಲಿಲ್ಲ. ಗೋಡೆ ಹಾಳು ಮಾಡ್ತಿದ್ದೀರ ಅಂತ ಕೂಗಾಡಿ ಹೋದನಂತೆ. ಆಪಾ ಅಲ್ಲಿಗೆ ಅಗರಬತ್ತಿ ಕಟ್ಟುವ ಖಾಕಿ ಕಾಗದ ಅಂಟಿಸಿ ಮುಂದುವರಿಸಿದರು.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ಆ ಹಲಗೆಯನ್ನೂ ಸರಿಪಡಿಸುವ ಹುಮ್ಮಸ್ಸು ಬಂತು. ಹಲಗೆ ಗಿಡ್ಡವಿದ್ದುದರಿಂದಲೇ ಬೆನ್ನು ಬಾಗುತ್ತದೆ, ಭುಜಕ್ಕೆ ಹೊರೆ ಬೀಳುತ್ತದೆ ಎಂದು ಲೆಕ್ಕ ಹಾಕಿ ಕೆಳಗೆ ಎರಡೆರಡು ಇಟ್ಟಿಗೆ ಇಡಿಸಿದೆ. ನೋಡಲು ಆರಾಮವಾಗಿತ್ತು. ನಾಲ್ಕು ದಿನ ಬಿಟ್ಟು ಹೋದರೆ ಆ ಮನೆಯಲ್ಲಿ ನಗುವಿರಲಿಲ್ಲ. ಹಲಗೆ ಎತ್ತರವಾದಾಗ ಅಂಗೈಯ ಒತ್ತು ಒಂದೇ ತುದಿಗೆ ಬಿದ್ದು, ಕಡ್ಡಿಗಳು ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿದ್ದವು. ಮೇಸ್ತ್ರಿ ಕಟ್ಟುಗಳನ್ನು ಬಿಚ್ಚಿ ನೋಡಿ ಅಷ್ಟನ್ನೂ ವಾಪಸ್ ಇಟ್ಟು ಹೋಗಿದ್ದ. ಎರಡು ದಿನದ ದುಡಿಮೆ, ಮೂವರು ಹೆಂಗಸರದ್ದು, ಮೂಲೆಯಲ್ಲಿ ಬಿದ್ದಿತ್ತು.

ನನ್ನ ಮುಖ ಸಣ್ಣಗಾಯಿತು. “ಇದರ ನಷ್ಟ ನಾನು ಕೊಡ್ತೀನಿ ಆಪಾ” ಅಂದೆ.

“ನಕ್ಕೊ ಮಾ, ಬೇಡ” ಎಂದರು ಆಪಾ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. “ಹೇಳೋಕ್ ಮುಂಚೆ ಒಂದ್ ದಿನ ಒಂದೇ ಹಲಗೇಲಿ ನೋಡಬಹುದಿತ್ತು. ನಾವೂ ಕೇಳಬಹುದಿತ್ತು. ಕೇಳೋಕೆ ನಾಲಿಗೆ ಬರ್ಲಿಲ್ಲ. ಫ್ರೀಯಾಗಿ ಮಾಡ್ತಿದ್ದೀರ. ಪುಕ್ಕಟೆ ತಗೊಂಡೋರು, ನೀವು ಮಾಡಿದ್ದು ಸರಿಯಿಲ್ಲ ಅಂತ ಹೆಂಗ್ ಹೇಳೋದು?”

ಎದುರು ಮನೆಯ ಮುದುಕಿ, ಎಲ್ಲರಿಗೂ ದಾದಿ, ಅಂದರೆ ಅಜ್ಜಿ, ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಿದ್ದರು. ನಲವತ್ತು ವರ್ಷ ಕಡ್ಡಿ ಹೊಸೆದ ಕೈ ಅವರದು. “ಹಲಗೆ ಯಾಕೆ ಮುಟ್ತೀ ಬೇಟಿ?” ಅಂದರು. “ಹಲಗೆ ಕಡ್ಡೀದು. ಕೂರೋದು ನಮ್ದು. ಅದನ್ನ ಬದಲಾಯ್ಸು.” ಒಳಗಿನಿಂದ ರೊಟ್ಟಿ ಲಟ್ಟಿಸುವಾಗ ಕೂರುವ ಗಿಡ್ಡ ಮಣೆಯನ್ನು ತರಿಸಿ, ಆಪಾಳನ್ನು ಅದರ ಮೇಲೆ ಕೂರಿಸಿ, ಬಲಗಾಲನ್ನು ಹಲಗೆಯ ಪಕ್ಕಕ್ಕೆ ಚಾಚಲು ಹೇಳಿದರು. ಸೊಂಟ ನಾಲ್ಕು ಬೆರಳು ಮೇಲೆ ಬಂತು. ಬೆನ್ನು ತಾನಾಗಿ ನೆಟ್ಟಗಾಯಿತು. ಮೊಣಕೈಗೆ ಜಾಗ ಸಿಕ್ಕಿತು. ಹಲಗೆಯ ಇಳಿಜಾರು ಒಂದಿಷ್ಟೂ ಬದಲಾಗಿರಲಿಲ್ಲ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಈ ಸಲ ಒಂದು ದಿನ ಒಬ್ಬರೇ ಹೊಸೆದು ನೋಡಿದರು. ಕಡ್ಡಿ ಸರಿಯಾಗಿಯೇ ಬಂತು. ಆಮೇಲೆ ಮಿಕ್ಕವರೂ ಮಣೆ ಹಾಕಿಕೊಂಡರು.

ಆದರೆ ಆಪಾ ಹೇಳಿದ್ದು ನನ್ನ ತಲೆಯಿಂದ ಹೋಗಲಿಲ್ಲ. ಮುಂದಿನ ಸಲ ಅವರನ್ನೆಲ್ಲ ಕೂರಿಸಿಕೊಂಡು, “ನೀವು ಏನಾದ್ರೂ ಕೊಡೋದಾದ್ರೆ ಎಷ್ಟು ಅಂತ ನೀವೇ ಹೇಳಿ” ಎಂದೆ. ತಮ್ಮಲ್ಲೇ ಉರ್ದುವಿನಲ್ಲಿ ಚರ್ಚೆ ಮಾಡಿದರು, ಅದು ಜಗಳದಷ್ಟೇ ಜೋರಾಗಿತ್ತು. ಕೊನೆಗೆ ಆಪಾ ಹೇಳಿದರು: ಅರ್ಧ ಗಂಟೆಯಲ್ಲಿ ಹೊಸೆಯುವ ಕಡ್ಡಿಗೆ ಎಷ್ಟು ಕೂಲಿಯೋ ಅಷ್ಟು. ಮಾಲು ಸಿಗದ ವಾರ ಕೊಡುವುದಿಲ್ಲ, ಯಾರೂ ಕೇಳಬಾರದು. “ದುಡ್ಡು ಕೊಟ್ರೆ, ಸರಿಯಿಲ್ಲದಾಗ ನಾವೂ ಕೇಳಬಹುದು ಮಾ” ಅಂದರು.

ಇದು ಟ್ರಸ್ಟಿಗೆ ಹಿಡಿಸುವುದಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಮೂರು ತಿಂಗಳ ಗಡುವು ಮುಗಿದು ಸಮಿತಿ ಸೇರಿತು. ಕಾರ್ಯದರ್ಶಿ ಎದ್ದುನಿಂತೇ ಮಾತಾಡಿದರು. “ಪುಕ್ಕಟೆ ಸೇವೆ ಅಂತ ಬೋರ್ಡ್ ಹಾಕಿದೀವಿ. ದಾನ ಕೊಡೋರು ಅದಕ್ಕೇ ಕೊಡೋದು. ಈಗ ಬಡವರ ಹತ್ರ ದುಡ್ಡು ತಗೋತೀವಿ ಅಂತ ಹೇಳೋದಾ? ಸೋಮವಾರದ ಬೆಂಚು ಖಾಲಿ ಇದೆ. ಮೇಡಂ ಬೇರೆ ಎಲ್ಲೋ ಬೀದೀಲಿ ಮರಳು ಹುರೀತಿದ್ದಾರೆ.”

ಕೆಲವರು ನಕ್ಕರು. ಕಾರ್ಯದರ್ಶಿ ಕೆಟ್ಟ ಮನುಷ್ಯರಲ್ಲ. ಆ ಬೋರ್ಡಿಗಾಗಿ ಬಿಸಿಲಲ್ಲಿ ಅಲೆದು ಹಣ ತಂದವರು ಅವರೇ.

ಪುಕ್ಕಟೆ ವಿಭಾಗವನ್ನು ಉಳಿಸಿ ಎಂದು ಬೇಡಿಕೊಳ್ಳಲು ಸಿದ್ಧವಾಗಿ ಬಂದಿದ್ದೆ. ಎದ್ದಾಗ ಬಾಯಿಂದ ಬೇರೆಯೇ ಬಂತು. “ಪುಕ್ಕಟೆ ವಿಭಾಗ ಮುಚ್ಚಿಬಿಡಿ” ಅಂದೆ. “ಹಳದಿ ಕಾರ್ಡು ಬೇಡ, ಬೇರೆ ದಿನ ಬೇಡ. ಎಲ್ಲರಿಗೂ ಒಂದೇ ಟೋಕನ್, ಒಂದೇ ಹಾಲ್, ಒಂದೇ ಸಾಲು. ಯಾರು ಎಷ್ಟು ಕೊಡ್ತಾರೆ ಅನ್ನೋದು ನನ್ನ ಕೋಣೆ ಬಾಗಿಲು ಹಾಕಿದ ಮೇಲೆ ಮಾತಾಡ್ತೀವಿ. ಗುಮಾಸ್ತರು ಬಾಗಲಲ್ಲಿ ಕೇಳೋ ಹಾಗಿಲ್ಲ. ಮನೆ ಬಿಟ್ಟು ಬರೋಕಾಗದವರ ಬೀದಿಗೆ ವಾರಕ್ಕೆ ಎರಡು ಬೆಳಿಗ್ಗೆ ನಾನೇ ಹೋಗ್ತೀನಿ, ಅದನ್ನ ನನ್ನ ಕೆಲಸ ಅಂತ ಬರೆದುಕೊಳ್ಳಿ. ಇದು ಆಗಲ್ಲ ಅಂದ್ರೆ ಎಕ್ಸ್‌ರೇ ಇಡಿ, ನಾನು ಬೇರೆ ಕಡೆ ಕೆಲಸ ನೋಡ್ಕೋತೀನಿ.”

ಕೊನೆಯ ವಾಕ್ಯ ಹೇಳಿದ ಮೇಲೆ ನನಗೇ ಭಯವಾಯಿತು. ಸಂಬಳ ಬೇಕಿತ್ತು.

ಅಧ್ಯಕ್ಷರು ನಿವೃತ್ತ ಇಂಜಿನಿಯರ್. ಸಭೆಗಳಲ್ಲಿ ಹೆಚ್ಚು ಮಾತಾಡುವವರಲ್ಲ, ಕಿವಿಯೂ ಸ್ವಲ್ಪ ಮಂದ. “ಯಾವ ಬೆಂಚು ಅದು?” ಎಂದು ಕೇಳಿದರು. ತೋರಿಸಿದೆ. ಎದ್ದು ಹೊರಗೆ ಹೋಗಿ ಅದರ ಮೇಲೆ ಕೂತರು. ಹೊತ್ತು ಹನ್ನೊಂದು ದಾಟಿತ್ತು. ಬಿಸಿಲು ನೇರ ಮುಖಕ್ಕೇ ಹೊಡೆಯುತ್ತಿತ್ತು. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಎದುರಿನ ಅಂಗಡಿಯವನು ಗುರುತು ಹಿಡಿದು, “ಏನ್ ಸಾರ್, ಇಲ್ಲಿ ಕೂತಿದೀರ? ಹುಷಾರಿಲ್ವಾ?” ಎಂದು ಕೂಗಿದ. ಅಧ್ಯಕ್ಷರು ಬರೀ ಕೈ ಆಡಿಸಿದರು. ಕಿಟಕಿಯಿಂದ ನಾವೆಲ್ಲ ನೋಡುತ್ತಲೇ ಇದ್ದೆವು. ಸುಮಾರು ಹೊತ್ತಿನ ಮೇಲೆ ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಾ ಒಳಗೆ ಬಂದರು.

“ಬೆಂಚು ತೆಗೆಸಿ” ಅಂದರು. “ಮಿಕ್ಕಿದ್ದನ್ನ ಮೇಡಂ ಹೇಳಿದ ಹಾಗೆ ಆರು ತಿಂಗಳು ನೋಡೋಣ. ದಾನಿಗಳಿಗೆ ನಾನು ಹೇಳ್ತೀನಿ.”

ಕಾರ್ಯದರ್ಶಿ ಜೇಬಿನಿಂದ ಪೆನ್ನು ತೆಗೆದು, “ಟೋಕನ್ ಯಾವ ಬಣ್ಣ ಮಾಡಿಸ್ಲಿ ಸಾರ್?” ಎಂದು ಕೇಳಿದರು. ಎಲ್ಲರಿಗೂ ಬಿಳಿ ಎಂದಾಯಿತು.

ಆರು ತಿಂಗಳು ಸಲೀಸಾಗಿ ಹೋಗಲಿಲ್ಲ. ಪಕ್ಕದಲ್ಲಿ ಬುರ್ಖಾ ಹಾಕಿದವರು ಕೂತರೆಂದು ಹಳೆಯ ರೋಗಿಗಳಿಬ್ಬರು ಬೇರೆ ಕಡೆ ಹೋದರು. ಗುಮಾಸ್ತರಿಗೆ ಬಾಗಿಲಲ್ಲಿ ಕೇಳದೆ ಇರುವ ಅಭ್ಯಾಸವಾಗಲು ಬಹಳ ದಿನ ಹಿಡಿಯಿತು, ನನ್ನ ಹತ್ತಿರ ಬೈಸಿಕೊಂಡರು ಕೂಡ. ಇದ್ದಿಲು ಪುಡಿಯ ಕೆಮ್ಮಿಗೆ ನನ್ನ ಬಳಿ ಏನೂ ಇರಲಿಲ್ಲ. ಎದೆಯ ಡಾಕ್ಟರಿಗೆ ಚೀಟಿ ಬರೆದುಕೊಡುತ್ತಿದ್ದೆ, ಎಷ್ಟು ಜನ ಹೋದರೋ ಗೊತ್ತಿಲ್ಲ. ಕೊಡಲಾಗದವರು ಕೊಡಲಿಲ್ಲ. ಬಾಗಿಲು ಹಾಕಿದ ಮೇಲೆ ನಿಗದಿಗಿಂತ ಹೆಚ್ಚು ಇಟ್ಟು ಹೋದ ಜಯನಗರದವರೂ ಇದ್ದರು. ಅವರ ಹೆಸರು ಗೊತ್ತಿದ್ದುದು ನನಗೊಬ್ಬಳಿಗೇ. ಒಮ್ಮೆ ಬಂದವರು ಎರಡನೇ ಸಲವೂ ಬರತೊಡಗಿದರು, ಬಂದು ದೂರತೊಡಗಿದರು ಕೂಡ: ಮೇಣ ಬಿಸಿ ಹೆಚ್ಚಾಯಿತು, ನಿನ್ನೆ ಎಳೆದದ್ದು ಇವತ್ತೂ ನೋಯುತ್ತಿದೆ, ಕಾಯಿಸಿದಿರಿ. ಆ ದೂರುಗಳಿಂದ ನಾನು ಕಲಿತದ್ದು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಕಡಿಮೆಯೇನಲ್ಲ.

ಆಪಾಳ ತೋಳು ನೂರ ನಲವತ್ತು ಡಿಗ್ರಿಯವರೆಗೆ ಬಂದು ನಿಂತಿತು. ಪೂರ್ತಿ ಏಳಲಿಲ್ಲ. ತಲೆ ಬಾಚಿಕೊಳ್ಳುವುದಕ್ಕೆ, ನಮಾಜಿಗೆ ಕೈ ಎತ್ತುವುದಕ್ಕೆ, ಅಟ್ಟದಿಂದ ಡಬ್ಬ ಇಳಿಸುವುದಕ್ಕೆ ಅಷ್ಟು ಸಾಕಾಗಿತ್ತು. ಮನೆಯಲ್ಲೇ ಮಾಡಿದರೂ ತಿಂಗಳಿಗೊಮ್ಮೆ ಚಿಕಿತ್ಸಾಲಯಕ್ಕೆ ಬಂದು ಅಳೆಸಿಕೊಂಡು ಹೋಗುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಟೋಕನ್ ಕರೆಯಲು ಹೊರಗೆ ಬಂದೆ. ಹಾಲಿನ ನಡುವೆ ಐದನೇ ಬ್ಲಾಕಿನ ಗೃಹಿಣಿಯೊಬ್ಬರು, ಅಂದೇ ಮೊದಲ ಬಾರಿ ಬಂದವರು, ಕುರ್ಚಿಯ ಬೆನ್ನನ್ನು ಒಂದು ಕೈಯಲ್ಲಿ ಹಿಡಿದು ಬಗ್ಗಿ ನಿಂತಿದ್ದರು. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಎದುರಿಗೆ ಆಪಾ ಅದೇ ರೀತಿ ಬಗ್ಗಿದ್ದರು. ಇಬ್ಬರ ಬಲತೋಳುಗಳೂ ಗಾಳಿಯಲ್ಲಿ ತೂಗಾಡುತ್ತಿದ್ದವು.

“ಇನ್ನೂ ಬಗ್ಗಿ ಮಾ. ಕೈ ನಿಮ್ದು ಅಲ್ಲ ಅಂದ್ಕೊಳ್ಳಿ, ಬಿಟ್ಬಿಡಿ.”

“ನೋಯುತ್ತಲ್ರೀ!”

“ನೋಯೋ ಜಾಗದ ತನಕ ಹೋಗಿ, ಮುಟ್ಟಿ, ವಾಪಸ್ ಬನ್ನಿ. ನಾಳೆ ಆ ಜಾಗ ಒಂದ್ ಬೆರಳು ಆಚೆ ಹೋಗಿರುತ್ತೆ.”

ಇಷ್ಟು ಚೆನ್ನಾಗಿ ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕುರ್ಚಿಗಳಲ್ಲಿ ಕೂತವರೆಲ್ಲ ನೋಡುತ್ತಿದ್ದರು. ಮೂಲೆಯಲ್ಲಿದ್ದ ಒಬ್ಬ ಮುದುಕರು ಎದ್ದು ತಾವೂ ಬಗ್ಗಿ ತೋಳು ಬಿಟ್ಟರು. ಮುಂದಿನ ಟೋಕನ್ ಆಪಾಳದೇ. ಅದನ್ನು ಕೂಗದೆ, ಬಾಗಿಲಿಗೆ ಒರಗಿ ನಿಂತೆ.